ಎಲೆ ಉದುರುವ ಕಾಲದ ಪಾಠ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದಕ್ಕೆ ಅಮೆರಿಕದಲ್ಲಿ ಹೋಮ್‌ಸ್ಕೂಲಿಂಗ್ ಎನ್ನುತ್ತಾರೆ. ಅದನ್ನು ಮನೆಪಾಠ ಎಂದರೆ ನಮಗೆ ಶಾಲೆ ಬಿಟ್ಟ ಮೇಲಿನ ಟ್ಯೂಷನ್ ನೆನಪಾಗುತ್ತದೆ, ಆದ್ದರಿಂದ ಆ ಪದವನ್ನೇ ಇಟ್ಟುಕೊಳ್ಳೋಣ. 1999ರಲ್ಲಿ ಅಲ್ಲಿನ ಸರ್ಕಾರದ ಅಂದಾಜಿನಂತೆ ಹೀಗೆ ಕಲಿಯುತ್ತಿದ್ದ ಮಕ್ಕಳು ಸುಮಾರು 8.5 ಲಕ್ಷ, 2012ರ ಹೊತ್ತಿಗೆ ಸಂಖ್ಯೆ 18 ಲಕ್ಷದ ಹತ್ತಿರ ಬಂದಿತ್ತು. ಕೋವಿಡ್ ಬಂದ 2020ರಲ್ಲಿ, ವಸಂತದಿಂದ ಶರತ್ಕಾಲಕ್ಕೆ ಬರುವಷ್ಟರಲ್ಲಿ, ಶಾಲಾ ವಯಸ್ಸಿನ ಮಕ್ಕಳಿರುವ ಮನೆಗಳ ಪೈಕಿ ಹೋಮ್‌ಸ್ಕೂಲಿಂಗ್ ಮಾಡುವವುಗಳ ಪಾಲು ಶೇ 5.4ರಿಂದ ಶೇ 11.1ಕ್ಕೆ ಏರಿತೆಂದು ಜನಗಣತಿ ಇಲಾಖೆಯ ಸಮೀಕ್ಷೆ ಹೇಳಿತು. ಈ ಮನೆಗಳ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳುಗಳ ಚಟುವಟಿಕೆಗಳನ್ನು ಗಮನಿಸಿದರೆ ಒಂದು ಮಾದರಿ ಕಾಣುತ್ತದೆ. ಸೇಬಿನ ತೋಟಕ್ಕೆ ಹೋಗಿ ಹಣ್ಣು ಬಿಡಿಸುವುದು, ಕುಂಬಳಕಾಯಿ ತೂಗಿ, ಸುತ್ತಳತೆ ಹಿಡಿದು, ಒಳಗಿನ ಬೀಜಗಳನ್ನು ಹತ್ತತ್ತರ ಗುಂಪು ಮಾಡಿ ಎಣಿಸುವುದು, ಬಣ್ಣ ತಿರುಗಿದ ಎಲೆಗಳನ್ನು ಆರಿಸಿ ತಂದು ಪುಸ್ತಕದ ನಡುವೆ ಒತ್ತಿಡುವುದು, ದಕ್ಷಿಣಕ್ಕೆ ಹೊರಟ ಹಕ್ಕಿಗಳನ್ನು ಬೆಟ್ಟದ ಮೇಲೆ ಕೂತು ನೋಡುವುದು. ಶಾಲೆಯ ಗಂಟೆಗೆ ಒಗ್ಗಿದವರಿಗೆ ಇದು ಕಲಿಕೆಯಂತೆ ಕಾಣುವುದಿಲ್ಲ, ರಜೆಯಂತೆ ಕಾಣುತ್ತದೆ. ಆದರೆ ಅಲ್ಲಿ ನಡೆಯುವುದು ಬಹಳ ಗಟ್ಟಿಯಾದ ಕಲಿಕೆ ಎಂದು ನನ್ನ ನಂಬಿಕೆ. ಆ ಗಟ್ಟಿತನ ಬಂದದ್ದು ಮನೆಯಿಂದಲ್ಲ, ಶಾಲೆ ಬಿಟ್ಟ ಸ್ವಾತಂತ್ರ್ಯದಿಂದಲೂ ಅಲ್ಲ. ಒಂದೇ ವಸ್ತುವನ್ನು ವಾರ ವಾರ ಮತ್ತೆ ಹೋಗಿ ನೋಡಲು ಆ ಮಕ್ಕಳಿಗೆ ಸಿಗುವ ಸಮಯದಿಂದ ಬಂದದ್ದು.

ಎಲೆಯನ್ನೇ ತೆಗೆದುಕೊಳ್ಳಿ. ಮೇಪಲ್ ಮರದ ಎಲೆ ಕೆಂಪಾಗುತ್ತದೆ, ಬರ್ಚ್ ಮರದ್ದು ಹಳದಿಯಾಗುತ್ತದೆ ಎಂಬುದನ್ನು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಎರಡೂ ಬೇರೆ ಬೇರೆ ಬಗೆಯ ಘಟನೆಗಳು. ಹಗಲು ಕಿರಿದಾಗುತ್ತ ಬಂದಂತೆ ಮರ ಎಲೆಯ ಹಸಿರು ದ್ರವ್ಯವನ್ನು, ಅಂದರೆ ಕ್ಲೋರೋಫಿಲ್ಲನ್ನು, ಒಡೆದು ಅದರೊಂದಿಗಿನ ಸಾರಜನಕದಂಥ ಬೆಲೆಬಾಳುವ ಅಂಶಗಳನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಳದಿ ಬಣ್ಣದ ಕೆರೋಟಿನಾಯ್ಡುಗಳು ಬೇಸಿಗೆಯಿಡೀ ಎಲೆಯಲ್ಲೇ ಇದ್ದವು. ಹಸಿರು ಸರಿದದ್ದರಿಂದ ಈಗ ಕಣ್ಣಿಗೆ ಬಿದ್ದವು. ಕೆಂಪು ಹಾಗಲ್ಲ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಮರ ಸಾಯಲಿರುವ ಎಲೆಯಲ್ಲಿ ಹೊಸದಾಗಿ ತಯಾರಿಸುತ್ತದೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿಗಳು ಒಟ್ಟಿಗೆ ಬಂದ ವರ್ಷ ಅದು ಹೆಚ್ಚು. ಈ ನಡುವೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆದು ಎಲೆಗೂ ಕೊಂಬೆಗೂ ಇದ್ದ ದಾರಿ ಮುಚ್ಚುತ್ತದೆ. ಒಂದು ದಿನದ ಪ್ರವಾಸದಲ್ಲಿ ಮಗುವಿಗೆ ಇವುಗಳಲ್ಲಿ ಯಾವುದೂ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಅದೇ ಕೊಂಬೆಯನ್ನು ಹತ್ತು ವಾರ ನೋಡಿದ ಮಗುವಿಗೆ ಹಳದಿ ನಿಧಾನವಾಗಿ ಹೊರಬಂದದ್ದು, ಕೆಂಪು ಬಿಸಿಲು ಬಿದ್ದ ಬದಿಯಲ್ಲಿ ಹೆಚ್ಚಾದದ್ದು, ನೆರಳಿನ ಬದಿಯಲ್ಲಿ ಅಷ್ಟಾಗಿ ಬಾರದಿದ್ದದ್ದು ಗೊತ್ತಾಗುತ್ತದೆ. ಆಮೇಲೆ ಹಸಿರೆಲೆಯನ್ನು ಜಜ್ಜಿ, ಸ್ಪಿರಿಟ್‌ನಲ್ಲಿ ನೆನೆಸಿ, ಕಾಫಿ ಸೋಸುವ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿ ಇಳಿಬಿಟ್ಟರೆ, ಹಸಿರಿನಿಂದ ಬೇರ್ಪಟ್ಟ ಹಳದಿಯ ಗೆರೆ ಕಾಗದದ ಮೇಲೆ ಏರಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಆಗುವ ಈ ಪ್ರಯೋಗ, ಮಗು ತಾನಾಗಿ ಕೇಳಿಕೊಂಡ ಪ್ರಶ್ನೆಗೆ ಉತ್ತರವಾಗಿ ಬಂದಾಗ ಅದರ ತೂಕವೇ ಬೇರೆ.

ಮೊನಾರ್ಕ್ ಚಿಟ್ಟೆಯ ವಿಷಯದಲ್ಲೂ ಹೀಗೇ. ಅಮೆರಿಕದ ಪೂರ್ವಭಾಗದ ಮೊನಾರ್ಕ್‌ಗಳು ಶರತ್ಕಾಲದಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಮೆಕ್ಸಿಕೊದ ಬೆಟ್ಟಗಳಿಗೆ ಹೋಗುತ್ತವೆ. ಅವು ಚಳಿಗಾಲ ಕಳೆಯುವ ಜಾಗ ವಿಜ್ಞಾನಿಗಳಿಗೆ ತಿಳಿದದ್ದು 1975ರಲ್ಲಿ. ಫ್ರೆಡ್ ಮತ್ತು ನೋರಾ ಅರ್ಕ್ಹರ್ಟ್ ದಂಪತಿ ದಶಕಗಳ ಕಾಲ ಚಿಟ್ಟೆಗಳ ರೆಕ್ಕೆಗೆ ಗುರುತಿನ ಚೀಟಿ ಅಂಟಿಸುತ್ತ, ಊರೂರಿನ ಸಾಮಾನ್ಯ ಜನರಿಂದ ವರದಿ ತರಿಸಿಕೊಳ್ಳುತ್ತ ಬಂದದ್ದರ ಫಲ ಅದು. 1992ರಿಂದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊನಾರ್ಕ್ ವಾಚ್ ಆ ಕೆಲಸ ನಡೆಸುತ್ತಿದೆ. ಚೀಟಿ ಅಂಟಿಸುವವರಲ್ಲಿ ಮಕ್ಕಳೂ ಇದ್ದಾರೆ. ಬೇಸಿಗೆಯ ಮೊನಾರ್ಕ್ ಕೆಲವೇ ವಾರ ಬದುಕಿದರೆ, ಶರತ್ಕಾಲದಲ್ಲಿ ಹುಟ್ಟಿದ ಪೀಳಿಗೆ ತಿಂಗಳುಗಟ್ಟಲೆ ಬದುಕಿ ದಕ್ಷಿಣಕ್ಕೆ ಹೋಗುತ್ತದೆ. ಹೋಗುವ ಚಿಟ್ಟೆ ಹಿಂದೆಂದೂ ಆ ದಾರಿ ಕಂಡದ್ದಲ್ಲ. ಇಷ್ಟು ದೊಡ್ಡ ಒಗಟನ್ನು ಏಳು ವರ್ಷದ ಮಗುವಿನ ಅಂಗೈ ಮೇಲೆ ಇಡಬಲ್ಲ ಪಾಠ ಹೆಚ್ಚೇನೂ ಇಲ್ಲ.

ನೋಡಿದ್ದನ್ನು ಎಣಿಸಿ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಒಳ್ಳೆಯ ಸಾಕ್ಷಿ. ಅಪಲೇಚಿಯನ್ ಸಾಲಿನ ಈ ಗುಡ್ಡದ ನೆತ್ತಿಯ ಮೇಲಿಂದ ಶರತ್ಕಾಲದಲ್ಲಿ ಗಿಡುಗ, ಹದ್ದುಗಳು ಸಾವಿರಗಟ್ಟಲೆ ಹಾದುಹೋಗುತ್ತವೆ. ಒಂದು ಕಾಲದಲ್ಲಿ ಅಲ್ಲಿ ಬಂದೂಕು ಹಿಡಿದು ಕೂತವರು ಅವನ್ನು ಹೊಡೆದು ರಾಶಿ ಹಾಕುತ್ತಿದ್ದರು. ರೋಸಲಿ ಎಜ್ ಎಂಬ ಮಹಿಳೆ 1934ರಲ್ಲಿ ಆ ಜಾಗವನ್ನೇ ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೂನ್ ಹಾರಿಹೋದ ಹಕ್ಕಿಗಳನ್ನು ದಿನವೂ ಎಣಿಸಿ ಬರೆಯತೊಡಗಿದರು. ಎರಡು ದಶಕ ಕಳೆದ ಮೇಲೆ ಲೇಖಕಿ ರೇಚಲ್ ಕಾರ್ಸನ್ ಡಿಡಿಟಿ ಎಂಬ ಕೀಟನಾಶಕದ ಬಗ್ಗೆ ಬರೆಯಲು ಕೂತಾಗ ಆ ಲೆಕ್ಕ ಬೇಕಾಯಿತು. 1935ರಿಂದ 1939ರ ನಡುವೆ ಅಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ಶೇ 40ರಷ್ಟು ಮರಿಪ್ರಾಯದವು. 1955ರಿಂದ 1959ರ ನಡುವೆ ಅವು ಶೇ 20ಕ್ಕೆ ಇಳಿದಿದ್ದವು. ದೊಡ್ಡ ಹಕ್ಕಿಗಳು ಹಾರುತ್ತಲೇ ಇದ್ದವು, ಮರಿಗಳು ಮೊದಲಿನಷ್ಟು ಆಗುತ್ತಿರಲಿಲ್ಲ. 1962ರ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಈ ಅಂಕಿಗಳಿವೆ. ಒಂದು ಶರತ್ಕಾಲ ಅಲ್ಲಿ ಕೂತು ಸಂತೋಷಪಟ್ಟು ಎದ್ದುಬಂದವರಿಗೆ ಈ ಕುಸಿತ ಕಾಣುವಂತಿರಲಿಲ್ಲ. ಇವತ್ತು ಅದೇ ಬಂಡೆಗಳ ಮೇಲೆ ದುರ್ಬೀನು ಹಿಡಿದು ಕೂರುವ ಮಗು, ಬಿಸಿಗಾಳಿಯ ಕಂಬದಲ್ಲಿ ಸುತ್ತುತ್ತ ಮೇಲೇರುವ ನೂರಾರು ಗಿಡುಗಗಳನ್ನು ಎಣಿಸಲು ಹೆಣಗುವಾಗ ಗಣಿತ, ಭೌತವಿಜ್ಞಾನ, ಭೂಗೋಳಗಳನ್ನು ಬೇರೆ ಬೇರೆ ಅವಧಿಗಳಾಗಿ ಹಂಚಿಕೊಡಬೇಕಾಗಿಲ್ಲ.

ಇದೆಲ್ಲ ಹೋಮ್‌ಸ್ಕೂಲಿಂಗ್‌ನವರ ಆವಿಷ್ಕಾರ ಎಂದುಕೊಳ್ಳುವುದು ತಪ್ಪು. ಆ ಮನೆಗಳ ಕಪಾಟುಗಳಲ್ಲಿ ಇಂದಿಗೂ ಕಾಣುವ ದಪ್ಪ ಪುಸ್ತಕವೊಂದಿದೆ: ಕಾರ್ನೆಲ್ ವಿಶ್ವವಿದ್ಯಾಲಯದ ಆ್ಯನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ 1911ರಲ್ಲಿ ಪ್ರಕಟಿಸಿದ ಪ್ರಕೃತಿ ಅಧ್ಯಯನದ ಕೈಪಿಡಿ. ಅದನ್ನು ಆಕೆ ಬರೆದದ್ದು ಶಾಲೆಯ ಶಿಕ್ಷಕರಿಗಾಗಿ. 1890ರ ದಶಕದಲ್ಲಿ ಬೇಸಾಯ ನೆಲಕಚ್ಚಿ ಹಳ್ಳಿಯ ಜನ ನ್ಯೂಯಾರ್ಕ್ ನಗರಕ್ಕೆ ವಲಸೆ ಹೋಗುತ್ತಿದ್ದಾಗ, ಮಕ್ಕಳಿಗೆ ತಮ್ಮ ನೆಲದ ಮೇಲೆ ಮನಸ್ಸು ಹುಟ್ಟಲಿ ಎಂದು ನ್ಯೂಯಾರ್ಕ್ ರಾಜ್ಯದ ಹಳ್ಳಿಶಾಲೆಗಳಲ್ಲಿ ಆರಂಭವಾದ ಕೆಲಸ ಅದಕ್ಕೆ ಮೂಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿ ಮಕ್ಕಳ ಜತೆಗೂಡಿ ಹುಡುಕಲು ಶಿಕ್ಷಕರು ಅಂಜಬಾರದೆಂದು ಆಕೆ ಹೇಳಿದ್ದು ಶಾಲೆಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ. ಇನ್ನೂ ಹಿಂದಕ್ಕೆ ಹೋದರೆ, ಹತ್ತೊಂಬತ್ತನೇ ಶತಮಾನದ ಅಮೆರಿಕದ ಹಳ್ಳಿಶಾಲೆಗಳು ಸಾಮಾನ್ಯವಾಗಿ ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನಡೆಯುತ್ತಿದ್ದವು. ಬಿತ್ತನೆಯ ವಸಂತ, ಕೊಯ್ಲಿನ ಶರತ್ಕಾಲ ಬಿಡುವಿನ ಕಾಲಗಳು. ಮೇನ್ ರಾಜ್ಯದ ಉತ್ತರದ ತುದಿಯಲ್ಲಿ ಆಲೂಗಡ್ಡೆ ಕೀಳುವ ಕಾಲಕ್ಕೆ ಶಾಲೆಗೆ ರಜೆ ಕೊಡುವ ರೂಢಿ ಈಗಲೂ ಅಲ್ಲಲ್ಲಿ ಉಳಿದಿದೆ. ಅಂದಿನ ಮಕ್ಕಳು ಹೊಲಕ್ಕೆ ಹೋದದ್ದು ದುಡಿಮೆಗೆ, ಅದನ್ನು ಚಂದಗಾಣಿಸಿ ಹೇಳಬೇಕಾಗಿಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಮಗುವನ್ನು ಕೋಣೆಯೊಳಗೆ ಕೂರಿಸುವುದು ಅನಾದಿಯಿಂದ ಬಂದದ್ದೇನಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಎಲೆ ಆರಿಸುತ್ತ ಕೂತರೆ ಭಾಗಾಕಾರ ಯಾರು ಕಲಿಸುತ್ತಾರೆ ಎಂಬುದು ಮೊದಲನೆಯದು, ಮತ್ತು ಅದು ನ್ಯಾಯವಾದ ಪ್ರಶ್ನೆ. ಋತುಗಳು ಭಾಗಾಕಾರ ಕಲಿಸುವುದಿಲ್ಲ. ಅಕ್ಷರ, ಕಾಗುಣಿತ, ಮಗ್ಗಿ, ಲೆಕ್ಕ ಇವಕ್ಕೆಲ್ಲ ದಿನವೂ ಕೂತು ಮಾಡುವ ಅಭ್ಯಾಸವೇ ಬೇಕು. ಕುಂಬಳದ ಬೀಜ ಎಣಿಸಿದ್ದರಿಂದ ಸ್ಥಾನಬೆಲೆ ಅರ್ಥವಾಗಬಹುದು, ಕೈಗೆ ಹತ್ತುವುದಿಲ್ಲ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲವನ್ನೂ ತಾವೇ ಕಂಡುಕೊಳ್ಳುತ್ತಾರೆ ಎಂಬ ಮಾತನ್ನು ಒಪ್ಪುವುದು ಕಷ್ಟ. ಕಿರ್ಶ್ನರ್, ಸ್ವೆಲರ್, ಕ್ಲಾರ್ಕ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 2006ರಲ್ಲಿ ಬರೆದ, ಬಹಳ ಚರ್ಚೆಗೊಳಗಾದ ಪ್ರಬಂಧದಲ್ಲಿ, ಹೊಸದಾಗಿ ಕಲಿಯುವವರಿಗೆ ಮಾರ್ಗದರ್ಶನವಿಲ್ಲದ ಅನ್ವೇಷಣೆಯಿಂದ ಲಾಭ ಕಡಿಮೆ ಎಂದು ವಾದಿಸಿದರು. ಆ ವಾದ ಸರಿ ಎಂದೇ ನನಗನ್ನಿಸುತ್ತದೆ, ಮತ್ತು ಅದು ನನ್ನ ಮಾತಿಗೆ ವಿರುದ್ಧವಲ್ಲ. ಎಲ್ಲಿ ನೋಡಬೇಕು, ಏನನ್ನು ಹೋಲಿಸಬೇಕು, ಹೇಗೆ ಬರೆದಿಡಬೇಕು ಎಂದು ತೋರಿಸುವ ದೊಡ್ಡವರು ಪಕ್ಕದಲ್ಲಿಲ್ಲದಿದ್ದರೆ ಮೇಪಲ್ ಎಲೆ ಬರೀ ಚಂದದ ಎಲೆ. ಬೆಳಗ್ಗೆ ಒಂದೆರಡು ಗಂಟೆ ಲೆಕ್ಕ, ಓದು, ಬರಹ, ಆಮೇಲೆ ಹೊರಗೆ ಹೋಗುವುದು, ಬಂದು ನೋಡಿದ್ದನ್ನು ಬರೆಯುವುದು: ಚೆನ್ನಾಗಿ ನಡೆಯುವ ಮನೆಗಳ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ನೂರು ವರ್ಷಗಳ ಹಿಂದೆಯೇ ಹಾಕಿಕೊಟ್ಟ ದಾರಿಯೂ ಇದೇ. ಕಿರುಪಾಠಗಳು, ಪ್ರಕೃತಿಯ ಟಿಪ್ಪಣಿ ಪುಸ್ತಕ, ಎರಡರಲ್ಲೂ ಶಿಸ್ತು.

ಹೋಮ್‌ಸ್ಕೂಲಿಂಗ್ ಬೆಂಬಲಿಗರು ಇಂಥ ಕಡೆ ಪರೀಕ್ಷೆಯ ಅಂಕಗಳನ್ನು ಮುಂದಿಡುತ್ತಾರೆ. ಮನೆಯಲ್ಲಿ ಕಲಿತ ಮಕ್ಕಳು ಶಾಲೆಯ ಮಕ್ಕಳಿಗಿಂತ ಬಹಳ ಮುಂದಿದ್ದಾರೆ ಎಂದು ಹೇಳಲು ಲಾರೆನ್ಸ್ ರಡ್ನರ್ 1998ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಉದಾಹರಿಸುವುದುಂಟು. ಆ ಸಾಕ್ಷ್ಯವನ್ನು ನಾನು ಬಳಸಲಾರೆ. ತಾವಾಗಿಯೇ ಮುಂದೆ ಬಂದು ಪರೀಕ್ಷೆ ಬರೆಸಿದ ಕುಟುಂಬಗಳ ಮಕ್ಕಳವರು. ಮುಂದೆ ಬಾರದವರ ಸ್ಥಿತಿ ಅದರಲ್ಲಿ ಇಲ್ಲ, ಅದೇ ಬಗೆಯ ಮನೆಗಳ ಶಾಲಾಮಕ್ಕಳೊಂದಿಗೆ ಹೋಲಿಕೆಯೂ ಇಲ್ಲ. ಓದಿದ ತಂದೆತಾಯಿ, ಪುಸ್ತಕ ತುಂಬಿದ ಮನೆ, ಒಬ್ಬರ ಸಂಬಳದಲ್ಲಿ ನಡೆಯಬಲ್ಲ ಸಂಸಾರ ಇಷ್ಟಿದ್ದರೆ ಮಗು ಎಲ್ಲಿ ಕೂತರೂ ಓದುತ್ತದೆ. ಇದರಿಂದಲೇ ಎರಡನೆಯ ಆಕ್ಷೇಪವೂ ಬರುತ್ತದೆ: ಇದು ಉಳ್ಳವರ ಶರತ್ಕಾಲವಲ್ಲವೇ? ಹೌದು, ದೊಡ್ಡ ಮಟ್ಟಿಗೆ ಹೌದು. ಇಬ್ಬರೂ ದುಡಿಯಲೇಬೇಕಾದ ಮನೆಯಲ್ಲಿ, ಅಪ್ಪನೋ ಅಮ್ಮನೋ ಒಬ್ಬರೇ ಇರುವ ಮನೆಯಲ್ಲಿ, ಮಂಗಳವಾರ ಬೆಳಗ್ಗೆ ಗುಡ್ಡ ಹತ್ತಿ ಗಿಡುಗ ಎಣಿಸುವವರು ಯಾರು? ಹಾಗಾಗಿಯೇ ಈ ಕಲಿಕೆಯ ಹಿರಿಮೆಯನ್ನು ಮನೆಗೆ ಕಟ್ಟಿಹಾಕಬಾರದು ಎನ್ನುವುದು. ಬೇಕಾದದ್ದು ವಾರಕ್ಕೊಂದು ಅವಧಿ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಮರ, ಒಂದು ನೋಟುಬುಕ್ಕು. ಸರ್ಕಾರಿ ಶಾಲೆಯೂ ಕೊಡಬಲ್ಲ ವಸ್ತುಗಳಿವು.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಮನೆಯೊಳಗೆ ಉಳಿದ ಮಗುವನ್ನು ಹೊರಗಿನವರು ನೋಡುವುದೇ ಇಲ್ಲ. ಅದು ಕಲಿಯುತ್ತಿದೆಯೋ, ಕ್ಷೇಮವಾಗಿದೆಯೋ ಕೇಳುವವರು ಯಾರು? ಮತದ ಕಾರಣಕ್ಕೆ ವಿಕಾಸವಾದದಂಥ ವಿಜ್ಞಾನವನ್ನೇ ಮಕ್ಕಳಿಂದ ಮರೆಮಾಚುವ ಮನೆಗಳೂ ಅಮೆರಿಕದಲ್ಲಿವೆ. ಇದಕ್ಕೆ ಒಳ್ಳೆಯ ಮನೆಗಳ ಉದಾಹರಣೆ ಉತ್ತರವಾಗಲಾರದು, ಕಾನೂನೇ ಉತ್ತರ. ಪೆನ್ಸಿಲ್ವೇನಿಯಾದ 1988ರ ಕಾನೂನಿನಂತೆ ಪೋಷಕರು ಪ್ರತಿವರ್ಷ ಪ್ರಮಾಣಪತ್ರ ಸಲ್ಲಿಸಬೇಕು; ವರ್ಷಕ್ಕೆ 180 ದಿನ, ಅಥವಾ ಕಿರಿಯ ತರಗತಿಗಳಿಗೆ 900 ಗಂಟೆ, ಹಿರಿಯ ತರಗತಿಗಳಿಗೆ 990 ಗಂಟೆ ಕಲಿಸಬೇಕು; ಮೂರು, ಐದು, ಎಂಟನೇ ತರಗತಿಗಳಲ್ಲಿ ಪರೀಕ್ಷೆ ಬರೆಸಬೇಕು; ಮಗುವಿನ ಕೆಲಸದ ಕಡತ ಇಟ್ಟು ವರ್ಷದ ಕೊನೆಗೆ ಅರ್ಹ ಮೌಲ್ಯಮಾಪಕರಿಗೆ ತೋರಿಸಬೇಕು, ಅವರು ಮಗುವಿನೊಂದಿಗೂ ಮಾತಾಡಬೇಕು. ಕನ್ನಡದ ಕುಟುಂಬಗಳು ಬಹಳಷ್ಟಿರುವ ಪಕ್ಕದ ನ್ಯೂಜೆರ್ಸಿಯಲ್ಲಿ ಇವುಗಳಲ್ಲಿ ಯಾವುದನ್ನೂ ಕೇಳುವುದಿಲ್ಲ. ಪೆನ್ಸಿಲ್ವೇನಿಯಾದ ಕ್ರಮ ಸರಿಯಾದದ್ದು ಎಂದು ನಾನು ಬಲವಾಗಿ ನಂಬುತ್ತೇನೆ. ಶರತ್ಕಾಲದ ಆ ಟಿಪ್ಪಣಿ ಪುಸ್ತಕಕ್ಕೆ ಕಾನೂನಿನ ಕಣ್ಣಲ್ಲೂ ಬೆಲೆಯಿದೆ, ಏಕೆಂದರೆ ಮಗು ಸೆಪ್ಟೆಂಬರ್‌ನಲ್ಲಿ ಏನು ಬರೆಯಿತು, ನವೆಂಬರ್‌ನಲ್ಲಿ ಎಷ್ಟು ಮುಂದೆ ಬಂತು ಎಂಬುದಕ್ಕೆ ಅದೇ ದಾಖಲೆ. ಮಕ್ಕಳಿಗೆ ಜೊತೆಗಾರರು ಸಿಗುವುದಿಲ್ಲ ಎಂಬ ದೂರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕುಟುಂಬಗಳು ಗುಂಪುಗೂಡಿ ಕಲಿಸುವುದು ಅಲ್ಲಿ ಸಾಮಾನ್ಯ, ಸೇಬಿನ ತೋಟಕ್ಕೆ ಒಂಟಿ ಮಗು ಹೋಗುವುದು ಅಪರೂಪ.

ನಮ್ಮಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೋಮ್‌ಸ್ಕೂಲಿಂಗ್ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಹಾಗೆ ಕಲಿಸುವ ನಗರದ ಕುಟುಂಬಗಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೇ ತರಗತಿ ಪರೀಕ್ಷೆ ಒಂದು ದಾರಿ. ಅದನ್ನು ಹದಿನಾಲ್ಕು ವರ್ಷ ತುಂಬಿದವರು ಬರೆಯಬಹುದು. ಕಾನೂನಿನ ಮಾತು ಹಾಗಿರಲಿ, ನನ್ನನ್ನು ಹೆಚ್ಚು ಕಾಡುವುದು ಪಾಠದ ಒಳಗಿನ ವಸ್ತು. ಅಮೆರಿಕದ ಶರತ್ಕಾಲದ ಪಠ್ಯವನ್ನು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಹಾಗೆಯೇ ಇಳಿಸಿಕೊಂಡರೆ ಅದರ ಜೀವವೇ ಹೋಗುತ್ತದೆ. ಮೇಪಲ್ ಎಲೆಯ ಚಿತ್ರಕ್ಕೆ ಕೆಂಪು ಬಣ್ಣ ತುಂಬಿಸಿ ಅದರ ಕೆಳಗೆ ಶರದೃತು ಎಂದು ಬರೆಸಿದರೆ ಮಗು ತಪ್ಪನ್ನೇ ಕಲಿಯುತ್ತದೆ. ಸೆಪ್ಟೆಂಬರ್ 22 ಅಥವಾ 23ರಂದು ಹಗಲು ರಾತ್ರಿ ಸಮ ಎಂಬುದು ಎರಡೂ ಕಡೆ ನಿಜ. ಆದರೆ ಡಿಸೆಂಬರ್ ಕೊನೆಗೆ ಫಿಲಡೆಲ್ಫಿಯಾದ ಹಗಲು ಒಂಬತ್ತೂಕಾಲು ಗಂಟೆಯ ಆಸುಪಾಸಿಗೆ ಇಳಿದಿದ್ದರೆ ಬೆಂಗಳೂರಿನದು ಹನ್ನೊಂದೂಕಾಲಕ್ಕಿಂತ ಕಡಿಮೆಯಾಗುವುದಿಲ್ಲ. ಅಲ್ಲಿ ಎಲೆ ಬೀಳುವುದು ಹಗಲು ಕುಗ್ಗಿ ಹಿಮ ಬರುವ ಮುನ್ಸೂಚನೆಗೆ. ನಮ್ಮ ಬಯಲಿನ ಕಾಡುಗಳಲ್ಲಿ ಎಲೆ ಬೀಳುವುದು ನೀರಾರಿದಾಗ, ಶಿಶಿರದಲ್ಲಿ. ಮುತ್ತುಗ ಬರಿ ಕೊಂಬೆಯಲ್ಲಿ ಹೂವಾಗುವುದು ಆಮೇಲೆ. ಎರಡು ಎಲೆಗಳ ಬೇರೆ ಬೇರೆ ಕಾರಣಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಅದು ಒಳ್ಳೆಯ ಪಾಠ, ಒಂದರ ಚಿತ್ರವನ್ನು ಇನ್ನೊಂದರ ಮೇಲೆ ಅಂಟಿಸಿದರೆ ಅಲ್ಲ.

ನಮ್ಮ ಶರದೃತುವಿಗೆ ತನ್ನದೇ ಕೆಲಸಗಳಿವೆ, ಅವೂ ಮತ್ತೆ ಮತ್ತೆ ನೋಡಬೇಕಾದವೇ. ಹಸ್ತ, ಚಿತ್ತ, ಸ್ವಾತಿ ಎಂದು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಮಳೆಯನ್ನು ಗುರುತಿಸುವ ರೈತರ ಲೆಕ್ಕ ವೀಕ್ಷಣೆಗೆ ಸಿದ್ಧವಾಗಿರುವ ಪಟ್ಟಿ. ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟರೆ ಹಿರಿಯರ ಗಾದೆ ಎಷ್ಟು ನಿಜ, ಎಷ್ಟು ತಪ್ಪಿತು ಎಂದು ಮಗುವೇ ನೋಡಬಹುದು. ಕರ್ನಾಟಕದ ದಕ್ಷಿಣದಲ್ಲಿ ರಾಗಿ ತೆನೆ ಬಿಡುವಾಗ ಉತ್ತರದಲ್ಲಿ ಹಿಂಗಾರಿ ಜೋಳ ಬಿತ್ತುತ್ತಾರೆ, ಒಂದೇ ತಿಂಗಳಲ್ಲಿ ಒಂದು ಕಡೆ ಮುಗಿಯುವ, ಇನ್ನೊಂದು ಕಡೆ ಶುರುವಾಗುವ ಬೇಸಾಯ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು ಗರ್ಭಿಣಿಗೆ ಬಯಕೆಯ ಊಟ ಬಡಿಸುವಂತೆ ಗದ್ದೆಗೆ ಎಡೆ ಇಡುತ್ತಾರೆ. ಭತ್ತ ಆಗ ಯಾವ ಹಂತದಲ್ಲಿದೆ, ತೆನೆ ಎಲೆಯ ಒರೆಯೊಳಗಿದೆಯೋ ಹೊರಬಂದಿದೆಯೋ ಎಂದು ಬಿಡಿಸಿ ನೋಡಿದ ಮಗುವಿಗೆ ಆ ಪೂಜೆಯ ಅರ್ಥ ಹೇಳಿಕೊಡಬೇಕಾಗುವುದಿಲ್ಲ. ಮೊನಾರ್ಕ್ ಮರಿ ತಿನ್ನುವ ಗಿಡದ ನೆಂಟ ಎಕ್ಕ ನಮ್ಮ ರಸ್ತೆ ಬದಿಯಲ್ಲೇ ಇದೆ, ಅದರ ಎಲೆ ಮೇಯುವ ಪಟ್ಟೆ ಹುಳು ಮೊನಾರ್ಕ್‌ನ ಹತ್ತಿರದ ಸಂಬಂಧಿಯಾದ ಚಿಟ್ಟೆಯೊಂದರ ಮರಿ. ಹಾಕ್ ಮೌಂಟನ್ ಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಯಿದೆ. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದ ಹೊತ್ತಿಗೆ ಅಲ್ಲಿಗೆ ಬಂದಿಳಿಯುತ್ತವೆ, 2024ರಲ್ಲಿ ಅದು ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಇಂಥ ಕೆಲಸಕ್ಕೆ ಶಾಲೆ ಬಿಡಬೇಕಾಗಿಲ್ಲ ಎಂಬುದಕ್ಕೂ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಮಕ್ಕಳೂ ದೊಡ್ಡವರೂ ತಾವು ಆಯ್ದುಕೊಂಡ ಒಂದು ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ದಾಖಲಿಸುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ಮುಂದಿವೆ. ನಮ್ಮ ಶಾಲೆಗಳಿಗೆ ಅಕ್ಟೋಬರ್‌ನಲ್ಲಿ ದಸರಾ ರಜೆ ಬರುತ್ತದೆ. ಆ ರಜೆಗೆ ಪಾಠ ನಕಲು ಮಾಡುವ ಮನೆಗೆಲಸ ಕೊಡುವ ಬದಲು ಒಂದು ಹೊಂಗೆಯನ್ನೋ ಬೇವನ್ನೋ ಒಪ್ಪಿಸಬಹುದು. ತಾರೀಖು, ಮಳೆ ಬಿದ್ದ ಮಿಲಿಮೀಟರ್, ಸೂರ್ಯ ಮುಳುಗಿದ ಹೊತ್ತು, ಹೊಸ ಎಲೆ, ಒಣ ಎಲೆ, ಕಾಯಿ, ಮರದ ಮೇಲೆ ಕಂಡ ಹಕ್ಕಿ, ಇಷ್ಟಕ್ಕೂ ಪುಟದಲ್ಲಿ ಒಂದೊಂದು ಅಂಕಣ ಸಾಕು. ಬಲಗಡೆಯ ಅರ್ಧ ಪುಟವನ್ನು ಖಾಲಿ ಬಿಡಬೇಕು. ಮುಂದಿನ ವರ್ಷ ಅದೇ ತಾರೀಖಿಗೆ ಅದೇ ಮರದ ಕೆಳಗೆ ನಿಂತು ಬರೆಯುವುದಕ್ಕೆ.